ನೀರಿತ್ತು, ಕುಡಿಯಲಿಲ್ಲ: ಥೀಮ್ ಪಾರ್ಕ್ ಪ್ರವಾಸದ ಒಂದು ಪ್ರಕರಣ ಅಧ್ಯಯನ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೊರಟವರಿಗೆ ನಾವು ವೈದ್ಯರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ನೀರು ಚೆನ್ನಾಗಿ ಕುಡಿಯಿರಿ. ಈ ಪ್ರಕರಣದ ಕುಟುಂಬಕ್ಕೂ ಆ ಸಲಹೆ ಸಿಕ್ಕಿತ್ತು. ಅವರ ವಾಹನದಲ್ಲಿ ನೀರಿನ ಕ್ಯಾನ್ ಇತ್ತು, ಅವರು ಹೋದ ಥೀಮ್ ಪಾರ್ಕಿನೊಳಗೆ ಉಚಿತ ಕುಡಿಯುವ ನೀರಿನ ನಳಗಳಿದ್ದವು, ಬೇಕೆಂದಲ್ಲಿ ಬಾಟಲಿ ನೀರು ಮಾರುವ ಅಂಗಡಿಗಳೂ ಇದ್ದವು. ಹೀಗಿದ್ದೂ ಮೊದಲ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಆರು ಜನರ ಪೈಕಿ ಇಬ್ಬರು ಅಲ್ಲಿನ ಪ್ರಥಮ ಚಿಕಿತ್ಸಾ ಕೊಠಡಿಯಲ್ಲಿ ಮಲಗಿದ್ದರು. ಎರಡನೆಯ ದಿನ ಅದೇ ಜನ, ಅದೇ ಬಿಸಿಲಿನಲ್ಲಿ, ಅದೇ ನಳದ ಮತ್ತು ಬಾಟಲಿಯ ನೀರು ಕುಡಿದು ಸಂಜೆಯವರೆಗೆ ಆರಾಮವಾಗಿ ಓಡಾಡಿದರು. ಆ ಎರಡು ದಿನಗಳ ನಡುವೆ ಬದಲಾದದ್ದೇನು ಎಂಬುದನ್ನು ದಾಖಲಿಸುವುದು ಈ ಬರಹದ ಉದ್ದೇಶ. ಕುಟುಂಬದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಥೀಮ್ ಪಾರ್ಕಿನ ಹೆಸರೂ ಇಲ್ಲಿ ಬೇಕಾಗಿಲ್ಲ, ಏಕೆಂದರೆ ಅಲ್ಲಿನ ನೀರಿನಲ್ಲಿ ದೋಷವೇನೂ ಇರಲಿಲ್ಲ.

ಹಿನ್ನೆಲೆ

ಕುಟುಂಬದ ಹಿರಿಯರಿಬ್ಬರು, ಅಂದರೆ ಅಜ್ಜ ಮತ್ತು ಅಜ್ಜಿ, ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಲಿಂಬೆ ತೋಟ ನೋಡಿಕೊಂಡು ಇರುವವರು. ಮಗ, ಸೊಸೆ, ಹದಿನಾಲ್ಕು ವರ್ಷದ ಮೊಮ್ಮಗ ಮತ್ತು ಎಂಟು ವರ್ಷದ ಮೊಮ್ಮಗಳು ವಿಜಯಪುರ ನಗರದಲ್ಲಿದ್ದಾರೆ. ಅಜ್ಜನಿಗೆ ರಕ್ತದೊತ್ತಡವಿದೆ, ಅವರು ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆಯೂ ಒಂದು. ಅಜ್ಜಿಗೆ ಮೊಣಕಾಲು ನೋವು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಕೆಲವು ವರ್ಷಗಳ ಹಿಂದಿನ ಮೇ ತಿಂಗಳಿನಲ್ಲಿ ಇವರೆಲ್ಲ ಸೋಲಾಪುರ ಮಾರ್ಗವಾಗಿ ಪುಣೆಗೆ ಹೋಗಿ, ಅಲ್ಲಿ ಸಂಬಂಧಿಕರ ಮನೆಯಲ್ಲಿ ಒಂದು ರಾತ್ರಿ ಕಳೆದು, ಘಟ್ಟ ಇಳಿದು ಕೊಂಕಣ ಸೀಮೆಯ ಥೀಮ್ ಪಾರ್ಕೊಂದಕ್ಕೆ ಎರಡು ದಿನದ ಟಿಕೆಟ್ ತೆಗೆಸಿದ್ದರು. ಒಂದು ದಿನ ಯಂತ್ರದ ಆಟಗಳಿಗೆ, ಇನ್ನೊಂದು ದಿನ ಹೆಚ್ಚಾಗಿ ನೀರಿನ ಆಟಗಳಿಗೆ ಎಂದು ಯೋಜನೆಯಿತ್ತು.

ಈ ಪ್ರಕರಣ ಅರ್ಥವಾಗಬೇಕಾದರೆ ಈ ಕುಟುಂಬ ಮನೆಯಲ್ಲಿ ಯಾವ ನೀರು ಕುಡಿಯುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಅಜ್ಜ-ಅಜ್ಜಿ ಕುಡಿಯುವುದು ತೋಟದ ಬಾವಿಯ ನೀರು. ಅದು ಗಡಸು ನೀರು. ಅನ್ನ ಬೇಯಿಸಿದ ಪಾತ್ರೆಯ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಮುಂದೆ ಒಮ್ಮೆ ಅವರು ತಂದುಕೊಟ್ಟ ಬಾಟಲಿಯಲ್ಲಿ, ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ ಇಳಿಸಿ ನೋಡಿದಾಗ ಅಂಕಿ ಲೀಟರಿಗೆ ಸಾವಿರ ಮಿಲಿಗ್ರಾಂ ದಾಟಿತು. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಕರಗಿದ ಲವಣಾಂಶಕ್ಕೆ 500 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ನೀರೇ ಇಲ್ಲದ ಕಡೆ 2000ದವರೆಗೆ ಅವಕಾಶವಿದೆ. ವಿಶ್ವ ಆರೋಗ್ಯ ಸಂಸ್ಥೆ 600ರ ಒಳಗಿನ ನೀರನ್ನು ರುಚಿಯ ದೃಷ್ಟಿಯಿಂದ ಒಳ್ಳೆಯದೆಂದೂ, 1000 ದಾಟಿದಂತೆ ಕುಡಿಯುವವರಿಗೆ ಹಿಡಿಸುವುದು ಕಡಿಮೆಯಾಗುತ್ತ ಹೋಗುತ್ತದೆಂದೂ ಹೇಳುತ್ತದೆ. ಆದರೆ ಹುಟ್ಟಿದಾಗಿನಿಂದ ಅದೇ ನೀರು ಕುಡಿದ ಅಜ್ಜಿಗೆ ಅದೇ ಸಿಹಿನೀರು. ನಗರದಲ್ಲಿರುವ ಮಗನ ಮನೆಗೆ ಬರುವುದು ಇಪ್ಪತ್ತು ಲೀಟರಿನ ಆರ್‌ಓ ಕ್ಯಾನ್. ಅದರ ಅಂಕಿ ಐವತ್ತರ ಆಸುಪಾಸು. ಮಕ್ಕಳಿಬ್ಬರಿಗೂ ನೀರೆಂದರೆ ಅದೇ ರುಚಿ, ಅಂದರೆ ಯಾವ ರುಚಿಯೂ ವಾಸನೆಯೂ ಇಲ್ಲದ ನೀರು. ಒಂದೇ ಕುಟುಂಬದಲ್ಲಿ ಹೀಗೆ ಎರಡು ನಾಲಿಗೆಗಳಿದ್ದವು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ರುಚಿಯಾದ ನೀರೆಲ್ಲ ಸುರಕ್ಷಿತ ನೀರಲ್ಲ. ನಮ್ಮ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಅದಕ್ಕೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಷ್ಟೇ ಸಿಹಿಯಾಗಿದ್ದರೂ ಕುಡಿಯಬಾರದು. ಅಜ್ಜಿಯ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸುವಂತೆ ಹೇಳಿದ್ದು ಈ ಕಾರಣಕ್ಕೇ.

ಮೊದಲ ದಿನ

ಬೆಳಿಗ್ಗೆ ಹತ್ತರ ಹೊತ್ತಿಗೆ ಎಲ್ಲರೂ ಒಳಗೆ ಹೋದರು. ಮನೆಯಿಂದ ತಂದಿದ್ದ ಕ್ಯಾನಿನ ನೀರನ್ನು ಪ್ಲಾಸ್ಟಿಕ್ ಬಾಟಲಿಗಳಿಗೆ ತುಂಬಿ ಹಿಂದಿನ ದಿನವೇ ವಾಹನದಲ್ಲಿ ಇಟ್ಟಿದ್ದರಿಂದ, ಬಿಸಿಲಿಗೆ ಕಾದು ಅದಕ್ಕೆ ಪ್ಲಾಸ್ಟಿಕ್ಕಿನ ವಾಸನೆ ಹಿಡಿದಿತ್ತು. ಒಂದೊಂದು ಗುಟುಕು ಕುಡಿದು ಎಲ್ಲರೂ ಅದನ್ನು ಬದಿಗಿಟ್ಟರು. ಮುಂದೆ ಸಿಕ್ಕಿದ್ದು ಉದ್ಯಾನದ ನಳದ ನೀರು. ಎಂಟು ವರ್ಷದ ಹುಡುಗಿ ಬಾಯಿಗೆ ಹಾಕಿಕೊಂಡ ಕೂಡಲೇ ಮುಖ ಸಿಂಡರಿಸಿ, "ಮಮ್ಮಿ, ಇದಕ್ಕ ಸ್ವಿಮ್ಮಿಂಗ್ ಪೂಲಿನ ವಾಸನಿ ಬರ್ತದ" ಎಂದಳು. ಆಕೆಯ ಮಾತು ಅಕ್ಷರಶಃ ಸರಿಯಾಗಿತ್ತು. ನಳದ ನೀರಿನಲ್ಲಿ ರೋಗಾಣುಗಳು ಬೆಳೆಯದಂತೆ ಕ್ಲೋರಿನ್ ಉಳಿಸಿರುತ್ತಾರೆ. ಮಾನದಂಡವೇ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆನ್ನುತ್ತದೆ. ಸಾವಿರಾರು ಜನ ಬಂದುಹೋಗುವ ಜಾಗದಲ್ಲಿ ಆ ವಾಸನೆ ಇರುವುದು ನೀರನ್ನು ಎಚ್ಚರಿಕೆಯಿಂದ ನೋಡಿಕೊಳ್ಳುತ್ತಿದ್ದಾರೆ ಎಂಬುದರ ಗುರುತು. ಆದರೆ ಕೊಳದ ನೀರನ್ನು ಕುಡಿಯಬಾರದು ಎಂದು ಶಾಲೆಯಲ್ಲಿ ಕಲಿತ ಮಗುವಿಗೆ ಅದನ್ನು ವಿವರಿಸಿ ಒಪ್ಪಿಸುವುದು ಸುಲಭವಲ್ಲ.

ಮಗ ಬಾಟಲಿ ನೀರು ಖರೀದಿಸಿದರು. ಮಕ್ಕಳಿಗೆ ಅದು ಹಿಡಿಸಿತು, ಆದರೆ ಅಜ್ಜಿಗೆ ಹಿಡಿಸಲಿಲ್ಲ. "ಬಾಟ್ಲಿ ನೀರಿಗಿ ರುಚೀನ ಇಲ್ಲ, ಕುಡದ್ರೂ ಕುಡದಂಗ ಆಗೂದಿಲ್ಲ" ಎಂದು ಅವರು ಬಾಟಲಿ ತಿರುಗಿ ಕೊಟ್ಟರು. ಲವಣಾಂಶ ತೀರ ಕಡಿಮೆಯಿರುವ ನೀರು ನಾಲಿಗೆಗೆ ಸಪ್ಪೆಯೆನಿಸುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೂ ಇರುವ ಮಾತು. ಅಜ್ಜಿಯ ದೂರು ಹಟದ್ದಲ್ಲ. ಬೆಲೆಯೂ ಒಂದು ಕಾರಣವಾಯಿತು. ಆರು ಜನರಿಗೆ ದಿನವಿಡೀ ಬಾಟಲಿ ಕೊಳ್ಳುವುದೆಂದರೆ ಎಷ್ಟು ಖರ್ಚು ಎಂದು ಹಿರಿಯರು ಲೆಕ್ಕ ಹಾಕಿ, ಮಕ್ಕಳು ಕುಡಿಯಲಿ, ನಮಗೆ ಬೇಡ ಎಂದು ಸುಮ್ಮನಾದರು.

ಮಧ್ಯಾಹ್ನದ ಹೊತ್ತಿಗೆ ಹುಡುಗ ನೀರು ಬಿಟ್ಟು ಕೋಲಾ ಹಿಡಿದಿದ್ದ. ಒಂದರ ಮೇಲೊಂದು ಕುಡಿದ. ಇಂಥ ಪಾನೀಯಗಳಲ್ಲಿ ನೂರು ಮಿಲಿಲೀಟರಿಗೆ ಸುಮಾರು ಹತ್ತು-ಹನ್ನೊಂದು ಗ್ರಾಂ ಸಕ್ಕರೆ ಇರುತ್ತದೆ, ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟು ಸಕ್ಕರೆ ಹೊಟ್ಟೆಯಲ್ಲಿದ್ದಾಗ ನೀರು ಬೇಗ ಹೀರಿಕೆಯಾಗುವುದಿಲ್ಲ, ಹೊಟ್ಟೆ ತುಂಬಿದಂತೆನಿಸಿ ಮತ್ತೆ ಕುಡಿಯುವ ಮನಸ್ಸೂ ಆಗುವುದಿಲ್ಲ. ಗಿರಗಿರನೆ ತಿರುಗುವ ಆಟವೊಂದರಿಂದ ಇಳಿದ ಕೂಡಲೇ ಅವನಿಗೆ ವಾಂತಿಯಾಯಿತು, ತಲೆನೋವು ಹಿಡಿಯಿತು. ಅಂಗಡಿಯವರು ಕೊಟ್ಟ, ಹೆಸರಿನಲ್ಲೇ ಓಆರ್‌ಎಸ್ ಎಂದು ಬರೆದಿದ್ದ ಸಿಹಿ ಪಾನೀಯದ ಪೊಟ್ಟಣವನ್ನು ಕುಡಿಸಿದರು; ಅದೂ ವಾಂತಿಯಾಯಿತು. ನಿಜವಾದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮತ್ತು 2.6 ಗ್ರಾಂ ಉಪ್ಪಿನ ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಹಾಗೂ ಸಿಟ್ರೇಟ್ ಇರುತ್ತವೆ. ಆ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ತಡೆದದ್ದು 2025ರ ಅಕ್ಟೋಬರ್‌ನಲ್ಲಿ. ಈ ಪ್ರವಾಸ ನಡೆದದ್ದು ಅದಕ್ಕೂ ಮುಂಚೆ.

ಅದೇ ಹೊತ್ತಿಗೆ ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿ ಎದ್ದು ನಿಲ್ಲಲು ಹೋಗಿ ಕಣ್ಣು ಕತ್ತಲೆಗಟ್ಟಿ ಕುಸಿದರು. ಮೀನಖಂಡ ಹಿಡಿದುಕೊಂಡು ನೋವು ತಡೆಯಲಾಗಲಿಲ್ಲ. ಪ್ರಥಮ ಚಿಕಿತ್ಸಾ ಕೊಠಡಿಯ ಶುಶ್ರೂಷಕಿ ಇಬ್ಬರನ್ನೂ ತಂಪಾದ ಕೋಣೆಯಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಓಆರ್‌ಎಸ್ ದ್ರಾವಣವನ್ನು ಚಮಚದಿಂದ ಸ್ವಲ್ಪಸ್ವಲ್ಪವೇ ಕುಡಿಸುತ್ತ ಹೋದರು. ಅವರ ಕೆಲಸ ಅಚ್ಚುಕಟ್ಟಾಗಿತ್ತು. ಸುಮಾರು ಎರಡು ಗಂಟೆಯಲ್ಲಿ ಇಬ್ಬರೂ ಚೇತರಿಸಿಕೊಂಡರು. ಗೊಂದಲದ ಮಾತು, ಮೈ ಸುಡುವಷ್ಟು ಬಿಸಿ, ಪ್ರಜ್ಞೆ ಮಂಕಾಗುವುದು, ನಿಲ್ಲದ ವಾಂತಿ ಇವುಗಳಲ್ಲಿ ಯಾವುದು ಕಂಡಿದ್ದರೂ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕಾಗುತ್ತಿತ್ತು, ಅಂಥದ್ದೇನೂ ಆಗಲಿಲ್ಲ.

ರಾತ್ರಿಯ ಮಾತುಕತೆ

ವಸತಿಗೃಹಕ್ಕೆ ಮರಳಿದ ಮೇಲೆ ಸೊಸೆ ನನಗೆ ಕರೆ ಮಾಡಿದರು. ಮರುದಿನದ ಟಿಕೆಟ್ ಬಿಟ್ಟು ಊರಿಗೆ ಮರಳುವುದೇ, ಅಥವಾ ಹಿರಿಯರನ್ನು ಕೋಣೆಯಲ್ಲಿ ಬಿಟ್ಟು ಮಕ್ಕಳನ್ನಷ್ಟೇ ಕರೆದೊಯ್ಯುವುದೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರಿಸುವ ಮೊದಲು, ಪ್ರತಿಯೊಬ್ಬರೂ ಬೆಳಗಿನಿಂದ ಎಷ್ಟು ಸಲ, ಯಾವಾಗ ಮೂತ್ರಕ್ಕೆ ಹೋದರು ಮತ್ತು ಅದರ ಬಣ್ಣ ಹೇಗಿತ್ತು ಎಂದು ವಿಚಾರಿಸಲು ಹೇಳಿದೆ. ಎಷ್ಟು ನೀರು ಕುಡಿದಿರಿ ಎಂದು ಕೇಳಿದರೆ ಜನ ಅಂದಾಜಿನಲ್ಲಿ ಹೆಚ್ಚೇ ಹೇಳುತ್ತಾರೆ. ಮೂತ್ರದ ಲೆಕ್ಕದಲ್ಲಿ ಆ ತೊಂದರೆಯಿಲ್ಲ.

ಹತ್ತು ನಿಮಿಷದ ನಂತರ ಬಂದ ಉತ್ತರದಲ್ಲಿ ಎರಡು ಸಂಗತಿಗಳು ಸ್ಪಷ್ಟವಾದವು. ಅಜ್ಜಿ ಬೆಳಿಗ್ಗೆ ಪುಣೆಯಲ್ಲಿ ಹೋದವರು ಮತ್ತೆ ಹೋದದ್ದು ಚಿಕಿತ್ಸಾ ಕೊಠಡಿಯಲ್ಲಿ ಓಆರ್‌ಎಸ್ ಕುಡಿದ ಮೇಲೆಯೇ. ಸೊಸೆಯ ಸ್ಥಿತಿಯೂ ಹೆಚ್ಚು ಬೇರೆಯಾಗಿರಲಿಲ್ಲ. ಇಬ್ಬರೂ ಪ್ರಯಾಣ ಶುರುವಾದಾಗಿನಿಂದಲೇ ತಿಳಿದೇ ನೀರು ಕಡಿಮೆ ಮಾಡಿದ್ದರು. ಹಿನ್ನೆಲೆಯಲ್ಲಿ ಅಜ್ಜಿಯ ದನಿ ಕೇಳುತ್ತಿತ್ತು: "ನೀರ ಕುಡದರ ಎಲ್ಲಿ ಹೋಗ್ಲಿ ಯವ್ವಾ?" ಮೊಣಕಾಲು ನೋವಿನಿಂದ ನೆಲಮಟ್ಟದ ಶೌಚಾಲಯದಲ್ಲಿ ಕೂರಲಾಗದು, ದೂರ ನಡೆಯಲಾಗದು, ಗುಂಪಿನವರನ್ನು ತನಗಾಗಿ ನಿಲ್ಲಿಸುವುದಕ್ಕೆ ಸಂಕೋಚ. ಸೋಲಾಪುರದಿಂದ ಪುಣೆಯವರೆಗಿನ ದಾರಿಯಲ್ಲೂ ಅವರು ಇದೇ ಲೆಕ್ಕದಲ್ಲಿ ಬಾಯಿ ಕಟ್ಟಿದ್ದರು. ನಮ್ಮ ಕಡೆಯ ಎಷ್ಟು ಹೆಣ್ಣುಮಕ್ಕಳು ಜಾತ್ರೆ, ಮದುವೆ, ಬಸ್ಸಿನ ಪ್ರಯಾಣ ಎಂದರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ ಎಂಬುದು ನನ್ನ ಚಿಕಿತ್ಸಾಲಯಕ್ಕೆ ಬರುವ ಉರಿಮೂತ್ರದ ಪ್ರಕರಣಗಳಿಂದ ಗೊತ್ತಿದೆ. ಇದನ್ನು ಅಜ್ಞಾನ ಎನ್ನುವುದು ಅನ್ಯಾಯ. ಶೌಚಾಲಯ ಎಲ್ಲಿದೆ, ಹೇಗಿದೆ ಎಂದು ತಿಳಿಯದ ಜಾಗದಲ್ಲಿ ಅದು ಅವರು ಯೋಚಿಸಿಯೇ ಮಾಡುವ ತೀರ್ಮಾನ.

ಎರಡನೆಯ ಸಂಗತಿ ನೀರಿನ ರುಚಿ. ಮೇಲೆ ಬರೆದ ವಿವರಗಳೆಲ್ಲ ಹೊರಬಂದದ್ದು ಆಗಲೇ, ಅದೂ ಯಾರಿಗೆ ಯಾವ ನೀರು ಹೇಗನಿಸಿತು ಎಂದು ಒಬ್ಬೊಬ್ಬರನ್ನೇ ಕೇಳಿದ ಮೇಲೆ. ಒಬ್ಬರಿಗೆ ವಾಸನೆ, ಒಬ್ಬರಿಗೆ ಸಪ್ಪೆ. ಎರಡು ತದ್ವಿರುದ್ಧ ದೂರುಗಳಿಗೆ ಒಂದೇ ನೀರು ಖರೀದಿಸಿ ಪರಿಹಾರ ಕಾಣುವುದು ಸಾಧ್ಯವಿರಲಿಲ್ಲ.

ಇದರ ಜೊತೆಗೆ ಹವೆಯ ಲೆಕ್ಕವೂ ಇತ್ತು. ವಿಜಯಪುರದ ಮೇ ತಿಂಗಳಿನ ಬಿಸಿಲು ಕಠಿಣ, ಆದರೆ ಒಣ. ಬೆವರು ಮೈಮೇಲೆ ನಿಲ್ಲದೆ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಘಟ್ಟದ ಕೆಳಗೆ ಉಷ್ಣಾಂಶ ನಮಗಿಂತ ಕಡಿಮೆಯಿದ್ದರೂ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರದೆ ಇಳಿದುಹೋಗುತ್ತದೆ, ದೇಹ ತಂಪಾಗುವುದಿಲ್ಲ, ಆದ್ದರಿಂದ ಇನ್ನಷ್ಟು ಬೆವರುತ್ತದೆ. ನಮ್ಮೂರಿನಷ್ಟು ಬಿಸಿಲೇನೂ ಇಲ್ಲ ಎಂದು ಅಜ್ಜ ಇಡೀ ದಿನ ಹೇಳುತ್ತಿದ್ದರಂತೆ. ನೆರಳಿನ ಉಷ್ಣಾಂಶವನ್ನಷ್ಟೇ ನೋಡಿದರೆ ಅವರ ಮಾತು ನಿಜ. ದೇಹದ ಲೆಕ್ಕ ಬೇರೆಯಿತ್ತು. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಕುಗ್ಗುವುದರಿಂದ ಅವರ ನಾಲಿಗೆ ಒಣಗುವವರೆಗೆ ಕಾಯುವುದು ತಡವಾದಂತೆ.

ಪ್ರವಾಸ ಬಿಡುವ ಅಗತ್ಯವಿಲ್ಲ, ಆದರೆ ಬೆಳಿಗ್ಗೆ ಅಜ್ಜಿಗೆ ತಲೆಸುತ್ತು ಇಲ್ಲದಿದ್ದರೆ ಮತ್ತು ಮೂತ್ರದ ಬಣ್ಣ ತಿಳಿಯಾಗಿದ್ದರೆ ಮಾತ್ರ ಹೋಗಿ ಎಂದು ಹೇಳಿದೆ. ಪುಣೆಯ ಸಂಬಂಧಿಕರಿಗೆ ಕೊಟ್ಟು ಉಳಿದ ತೋಟದ ಲಿಂಬೆಹಣ್ಣು ಇನ್ನೂ ವಾಹನದಲ್ಲಿದೆ ಎಂದು ಸೊಸೆ ಹೇಳಿದಾಗ ಮುಂದಿನ ದಾರಿ ಕಂಡಿತು.

ಲಿಂಬೆ ರಸದ ಲೆಕ್ಕ

ಲಿಂಬೆ ರಸ ಕ್ಲೋರಿನ್ ವಾಸನೆಯನ್ನು ಮುಚ್ಚಿಹಾಕುತ್ತದೆ ಎಂದಷ್ಟೇ ಹಲವರು ತಿಳಿದಿದ್ದಾರೆ. ಅದು ಮುಚ್ಚುವುದಷ್ಟೇ ಅಲ್ಲ, ಇಲ್ಲವಾಗಿಸುತ್ತದೆ. ರಸದಲ್ಲಿರುವ ವಿಟಮಿನ್ ಸಿ, ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ವಾಸನೆಯಿಲ್ಲದ ಕ್ಲೋರೈಡ್ ಆಗಿ ಮಾರ್ಪಡಿಸುತ್ತದೆ. ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು ಎರಡೂವರೆ ಮಿಲಿಗ್ರಾಂ ವಿಟಮಿನ್ ಸಿ ಬೇಕು. ಲಿಂಬೆ ರಸದಲ್ಲಿ ನೂರು ಮಿಲಿಲೀಟರಿಗೆ ಸುಮಾರು 30 ಮಿಲಿಗ್ರಾಂ ಇರುತ್ತದೆ. ಆದ್ದರಿಂದ ಒಂದು ಲೀಟರ್ ನಳದ ನೀರಿಗೆ ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ರಸ ಸಾಕಾಗುತ್ತದೆ. ಆದರೆ ಕ್ಲೋರಿನ್ ಹೋಯಿತೆಂದರೆ ನೀರಿನ ಕಾವಲೂ ಹೋದಂತೆ; ಹಾಗೆ ಬೆರೆಸಿದ ನೀರನ್ನು ಕೆಲವೇ ಗಂಟೆಗಳಲ್ಲಿ ಕುಡಿದು ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು.

ಉಪ್ಪು-ಸಕ್ಕರೆಯ ವಿಷಯದಲ್ಲಿ ಕುಡಿಯುವ ನೀರಿಗೂ ಚಿಕಿತ್ಸೆಯ ನೀರಿಗೂ ವ್ಯತ್ಯಾಸ ಮಾಡಿದೆವು. ವಾಂತಿ-ಭೇದಿಯಾದವರಿಗೆ ಮನೆಯಲ್ಲಿ ಮಾಡುವ ದ್ರಾವಣಕ್ಕೆ ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಎಂಬುದು ಸಿದ್ಧ ಅಳತೆ. ಆರೋಗ್ಯವಾಗಿ ಓಡಾಡುವವರಿಗೆ ಅಷ್ಟು ಬೇಕಿಲ್ಲ. ಲೀಟರಿಗೆ ಎರಡು ಸಣ್ಣ ಚಮಚ ಸಕ್ಕರೆ, ಎರಡು ಬೆರಳಲ್ಲಿ ಹಿಡಿಯುವಷ್ಟು ಉಪ್ಪು ಎಂದು ನಿಗದಿಯಾಯಿತು. ರುಚಿ ಮತ್ತು ಉಪ್ಪಿಗೆ ಮಕ್ಕಳ ಕುಡಿತದ ಮೇಲೆ ಎಷ್ಟು ಪ್ರಭಾವವಿದೆ ಎಂಬುದು ಹಳೆಯ ವಿಚಾರವೇ: 1996ರಲ್ಲಿ ಕೆನಡಾದ ಸಂಶೋಧಕರು ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡಿದ ಹುಡುಗರ ಮೇಲೆ ನಡೆಸಿದ ಅಧ್ಯಯನದಲ್ಲಿ, ಬರಿಯ ನೀರು ಕೊಟ್ಟಾಗ ಹುಡುಗರು ಬೇಕಾದದ್ದಕ್ಕಿಂತ ಕಡಿಮೆ ಕುಡಿದರು, ರುಚಿ ಬೆರೆಸಿದಾಗ ಹೆಚ್ಚು ಕುಡಿದರು, ರುಚಿಯ ಜೊತೆ ಸ್ವಲ್ಪ ಸಕ್ಕರೆ-ಉಪ್ಪು ಸೇರಿಸಿದಾಗ ನೀರಿನ ಕೊರತೆಯೇ ಆಗದಷ್ಟು ಕುಡಿದರು. ಆ ಚಿಟಿಕೆ ಉಪ್ಪೇ ಬಾಟಲಿ ನೀರಿನ ಸಪ್ಪೆತನಕ್ಕೂ ಉತ್ತರವಾಗಬಹುದೆಂದು ಅನಿಸಿತು.

ಅಜ್ಜನ ಬಾಟಲಿ ಬೇರೆ. ರಕ್ತದೊತ್ತಡದ ಕಾರಣಕ್ಕೆ ಅವರದರಲ್ಲಿ ಉಪ್ಪಿಲ್ಲ, ಲಿಂಬೆ ಮಾತ್ರ, ಮಾತ್ರೆ ಬಿಡುವಂತಿಲ್ಲ, ಹನ್ನೆರಡರಿಂದ ಮೂರರವರೆಗೆ ಬಿಸಿಲಿಗೆ ಬರುವಂತಿಲ್ಲ. ಅವರು ಎಲ್ಲಿ ಹೋದರೂ ಒಯ್ಯುವ ತಾಮ್ರದ ಬಾಟಲಿಯಲ್ಲೇ ಲಿಂಬೆ ನೀರು ತುಂಬಿ ಕೊಡುವವರಿದ್ದರು. ಅದನ್ನು ತಡೆಯಬೇಕಾಯಿತು, ಏಕೆಂದರೆ ಹುಳಿಯಿರುವ ಯಾವುದನ್ನೂ, ಮಜ್ಜಿಗೆಯನ್ನು ಕೂಡ, ತಾಮ್ರದಲ್ಲಿಟ್ಟರೆ ತಾಮ್ರ ಕರಗಿ ಹೊಟ್ಟೆ ತೊಳಸುತ್ತದೆ. ಸ್ಟೀಲಿನ ಬಾಟಲಿ ಸಾಕು.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂಬ ನಿಯಮವಿದ್ದುದರಿಂದ ಸೊಸೆ ಆ ರಾತ್ರಿಯೇ ಉದ್ಯಾನದ ಕಚೇರಿಗೆ ಕರೆ ಮಾಡಿ, ಲಿಂಬೆ ಹಿಂಡಿದ ನೀರು ಮತ್ತು ಓಆರ್‌ಎಸ್ ಪುಡಿ ತರಬಹುದೇ ಎಂದು ನೇರವಾಗಿ ಕೇಳಿದರು. ನೀರಿನ ಬಾಟಲಿಗೂ ಔಷಧಕ್ಕೂ ತಕರಾರಿಲ್ಲ ಎಂಬ ಉತ್ತರ ಸಿಕ್ಕಿತು. ದ್ವಾರದಲ್ಲಿ ವಾದಿಸಿ ಗೆಲ್ಲುವುದಕ್ಕಿಂತ ಮುಂಚೆಯೇ ಕೇಳಿಕೊಳ್ಳುವ ಈ ತೀರ್ಮಾನ ಸಣ್ಣದೆನಿಸಿದರೂ ಮರುದಿನದ ಯೋಜನೆ ಇದರ ಮೇಲೆಯೇ ನಿಂತಿತ್ತು. ಹತ್ತು-ಹನ್ನೆರಡು ಲಿಂಬೆಯ ರಸ ಹಿಂಡಿ, ಬೀಜ ಸೋಸಿ, ಸಕ್ಕರೆ-ಉಪ್ಪನ್ನು ಅಳತೆಯಂತೆ ಕರಗಿಸಿ ಒಂದು ಸಣ್ಣ ಬಾಟಲಿಗೆ ತುಂಬಿದರು. ಅಜ್ಜನ ರಸವನ್ನು ಇನ್ನೊಂದಕ್ಕೆ. ಒಳಗೆ ಎಷ್ಟು ಸಲ ನಳದ ನೀರು ತುಂಬಿಸಿದರೂ ಪ್ರತಿ ಸಲ ಅಳೆದು ಹಾಕಲು ಅದು ಸಾಕಾಗುವಂತಿತ್ತು.

ಎರಡನೆಯ ದಿನ

ಬೆಳಿಗ್ಗೆ ಅಜ್ಜಿ ತಲೆಸುತ್ತಿಲ್ಲದೆ ಎದ್ದರು. ದ್ವಾರದೊಳಗೆ ಹೋದ ಮೇಲೆ ಸೊಸೆ ಮಾಡಿದ ಮೊದಲ ಕೆಲಸ ನಕ್ಷೆ ಹಿಡಿದು ಶೌಚಾಲಯಗಳನ್ನು ಗುರುತಿಸಿದ್ದು, ಮತ್ತು ಅತ್ತೆಯ ಕೈಹಿಡಿದು ಕರೆದೊಯ್ದು ಕುರ್ಚಿಯಂತೆ ಕೂರುವ ಕಮೋಡ್ ಇರುವ ಎರಡು ಶೌಚಾಲಯಗಳನ್ನು ಕಣ್ಣಾರೆ ತೋರಿಸಿದ್ದು. ಆಟಗಳ ಕ್ರಮವನ್ನು ಅದಕ್ಕೆ ತಕ್ಕಂತೆ ಹೊಂದಿಸಿ, ಎರಡು ಗಂಟೆಗೊಮ್ಮೆ ಎಲ್ಲರೂ ಸೇರಿಯೇ ಅತ್ತ ಹೋಗುವುದೆಂದು ತೀರ್ಮಾನಿಸಿದರು. ಒಬ್ಬರಿಗಾಗಿ ಗುಂಪು ನಿಲ್ಲುವ ಪ್ರಶ್ನೆಯೇ ಉಳಿಯಲಿಲ್ಲ. ಅಜ್ಜಿ ಮೊದಲ ಬಾಟಲಿಯ ಲಿಂಬೆ ನೀರನ್ನು ಪೂರ್ತಿ ಕುಡಿದದ್ದು ಆ ಶೌಚಾಲಯ ನೋಡಿ ಬಂದ ಮೇಲೆಯೇ ಎಂದು ಸೊಸೆ ನನಗೆ ಒತ್ತಿ ಹೇಳಿದರು. ಇಡೀ ಪ್ರಕರಣದ ತಿರುವು ಲಿಂಬೆಯಲ್ಲಿಲ್ಲ, ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಕುಡಿಯುವ ಸಮಯವನ್ನು ಆಟದ ಸರತಿ ಸಾಲಿಗೆ ಕಟ್ಟಿದರು. ಸಾಲಿನಲ್ಲಿ ನಿಂತ ಕೂಡಲೇ ನಾಲ್ಕಾರು ಗುಟುಕು, ಸಾಲು ಉದ್ದವಿದ್ದರೆ ಮತ್ತೊಮ್ಮೆ. ಬಿಸಿಲಿನಲ್ಲಿ ಆಡುವ ಒಂಬತ್ತರಿಂದ ಹನ್ನೆರಡರ ಮಕ್ಕಳಿಗೆ ಇಪ್ಪತ್ತು ನಿಮಿಷಕ್ಕೆ 100ರಿಂದ 250 ಮಿಲಿಲೀಟರ್ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಅಂದಾಜು. ಎಂಟರ ಹುಡುಗಿಗೆ ಅದರ ಕೆಳಗಿನ ಅಂಚು ಸಾಕೆಂದು ಹೇಳಿದ್ದೆ. ಒಮ್ಮೆಲೇ ಬಾಟಲಿಗಟ್ಟಲೆ ಬರಿಯ ನೀರು ಕುಡಿಸಬಾರದೆಂದೂ ಹೇಳಿದ್ದೆ, ಏಕೆಂದರೆ ಅದರಿಂದ ರಕ್ತದ ಸೋಡಿಯಂ ಕುಸಿಯುವ ಅಪಾಯವಿದೆ. ನೀರಿನ ಆಟಗಳಲ್ಲಿ ಮೈ ಸದಾ ಒದ್ದೆಯಿರುವುದರಿಂದ ಬೆವರಿದ್ದು ತಿಳಿಯುವುದಿಲ್ಲ, ಬಾಯಾರಿಕೆಯೂ ನೆನಪಾಗುವುದಿಲ್ಲ. ಕೊಳದಿಂದ ಹೊರಬಂದಾಗಲೆಲ್ಲ ಟವೆಲ್‌ನ ಜೊತೆ ಬಾಟಲಿಯನ್ನೂ ಕೊಡುವ ಕೆಲಸವನ್ನು ಅಜ್ಜ ವಹಿಸಿಕೊಂಡರು.

ಹುಡುಗಿ ರಸ ಬೆರೆಸಿದ ನಳದ ನೀರನ್ನು ಮೂಸಿ ನೋಡಿ, ವಾಸನೆಯಿಲ್ಲ ಎಂದು ಖಾತ್ರಿ ಮಾಡಿಕೊಂಡು ಕುಡಿದಳು. ಅಜ್ಜಿಗೆ ಅದು ಊರಿನ ಶರಬತ್ತು. ಆದರೆ ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಟಲಿ ಬೆಚ್ಚಗಾಗಿ ಹುಡುಗಿ ಮತ್ತೆ ಬೇಡವೆನ್ನತೊಡಗಿದಳು. ತೋಟದಲ್ಲಿ ಕೊಡಕ್ಕೆ ಹಸಿ ಗೋಣಿ ಸುತ್ತುವಂತೆ ಅಜ್ಜಿ ತಮ್ಮ ಹತ್ತಿಯ ವಸ್ತ್ರ ನೆನೆಸಿ ಬಾಟಲಿಗೆ ಸುತ್ತಿ ನೆರಳಿನಲ್ಲಿಟ್ಟರು. ಇಂಡಿಯ ಒಣ ಗಾಳಿಯಲ್ಲಿ ಅರ್ಧ ಗಂಟೆಯಲ್ಲಿ ನೀರು ತಣಿಸುವ ಆ ಉಪಾಯ ಕೊಂಕಣದ ತೇವದಲ್ಲಿ ಫಲಿಸಲಿಲ್ಲ. ವಸ್ತ್ರ ಒದ್ದೆಯಾಗಿಯೇ ಉಳಿಯಿತು, ನೀರು ಬೆಚ್ಚಗೇ ಇತ್ತು. ಬೆವರು ಆರದ ಗಾಳಿಯಲ್ಲಿ ಬಟ್ಟೆಯೂ ಆರುವುದಿಲ್ಲ. ಕೊನೆಗೆ ಮೊಹರಾದ ತಣ್ಣನೆಯ ಬಾಟಲಿಗಳನ್ನು ಖರೀದಿಸಿ, ಅದಕ್ಕೇ ರಸ ಬೆರೆಸಿದರು. ಖರ್ಚಿಗೆ ಅಜ್ಜ ಈ ಸಲ ಅಡ್ಡ ಬರಲಿಲ್ಲ. ತಂಪು ನೀರಿನಲ್ಲಿ ನಾಲಿಗೆಗೆ ವಾಸನೆ-ರುಚಿಗಳು ಮಂದವಾಗಿ ತೋರುತ್ತವೆ, ಬಿಸಿಲಿನಲ್ಲಿ ದಣಿದವರು ಬೆಚ್ಚನೆಯ ನೀರಿಗಿಂತ ತಂಪು ನೀರನ್ನು ತಾವಾಗಿಯೇ ಹೆಚ್ಚು ಕುಡಿಯುತ್ತಾರೆ. ಹಾಗೆಂದು ಮಂಜುಗಡ್ಡೆಯ ನೀರೇ ಬೇಕೆಂದಿಲ್ಲ.

ಸಂಜೆ ಸೊಸೆ ಕಳಿಸಿದ ಲೆಕ್ಕದ ಪ್ರಕಾರ ಅಜ್ಜಿ ಎರಡು ಲೀಟರಿನಷ್ಟು ಕುಡಿದಿದ್ದರು, ನಾಲ್ಕು ಸಲ ಮೂತ್ರಕ್ಕೆ ಹೋಗಿದ್ದರು, ಮೀನಖಂಡದ ಹಿಡಿತ ಮರುಕಳಿಸಿರಲಿಲ್ಲ. ಅಜ್ಜನ ರಕ್ತದೊತ್ತಡವನ್ನು ಚಿಕಿತ್ಸಾ ಕೊಠಡಿಯಲ್ಲಿ ನೋಡಿಸಿದಾಗ ಎಂದಿನಂತಿತ್ತು.

ಈ ಪ್ರಕರಣ ತಿಳಿಸಿದ್ದು

ಒಂದು ಕುಟುಂಬದ ಎರಡು ದಿನಗಳಿಂದ ಎಲ್ಲರಿಗೂ ಅನ್ವಯವಾಗುವ ನಿಯಮ ಹುಟ್ಟುವುದಿಲ್ಲ. ಮೂತ್ರಪಿಂಡ ಅಥವಾ ಹೃದಯದ ವೈಫಲ್ಯವಿದ್ದು ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಮಿತಿ ಹಾಕಿದವರಿಗೆ ಇಲ್ಲಿನ ಅಳತೆಗಳು ಸಲ್ಲವು. ಮಧುಮೇಹಿಗಳು ಸಕ್ಕರೆಯನ್ನು ಬಿಡಬೇಕು. ಆದರೆ ಪ್ರವಾಸ ಹೊರಡುವವರು ಬಂದಾಗ ನಾನು ಕೇಳುವ ಪ್ರಶ್ನೆಗಳು ಈ ಪ್ರಕರಣದ ನಂತರ ಬದಲಾದವು. ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ, ಹೋದಲ್ಲಿ ಅದೇ ರುಚಿ ಸಿಗದಿದ್ದರೆ ಏನು ಬೆರೆಸಿದರೆ ನಿಮಗೆ ಕುಡಿಯಲಾಗುತ್ತದೆ, ಮನೆಯ ಹೆಣ್ಣುಮಕ್ಕಳಿಗೆ ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂಬುದು ಗೊತ್ತಿದೆಯೇ ಎಂದು ಮೊದಲು ಕೇಳುತ್ತೇನೆ. ಎಷ್ಟು ಕುಡಿಯಬೇಕೆಂಬ ಮಾತು ಅದರ ನಂತರ ಬರುತ್ತದೆ. ಬೆರೆಸುವುದು ಲಿಂಬೆಯೇ ಆಗಬೇಕೆಂದಿಲ್ಲ: ಬೆಳಗಾವಿ ಕಡೆಯ ಒಂದು ಮನೆಯವರಿಗೆ ಪುನರ್ಪುಳಿಯ ರಸ ಹಿಡಿಸಿತು, ಇನ್ನೊಬ್ಬರಿಗೆ ಜೀರಿಗೆ ಕುದಿಸಿದ ನೀರು. ಹೊರಡುವ ವಾರದಲ್ಲಿ ಮನೆಯಲ್ಲೇ ಎರಡು-ಮೂರು ದಿನ ಕುಡಿದು ನೋಡಿ, ಮಕ್ಕಳು ಒಪ್ಪಿದ್ದನ್ನೇ ಒಯ್ಯಿರಿ ಎನ್ನುತ್ತೇನೆ.

ಅಪರಿಚಿತ ನೀರಿನ ಈ ತೊಡಕು ನಮ್ಮ ಜಿಲ್ಲೆಯವರದಷ್ಟೇ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಜಗತ್ತಿನ ಅತಿ ದೊಡ್ಡ ಥೀಮ್ ಪಾರ್ಕ್‌ಗಳಿರುವ ಸೀಮೆಯ ನೀರು ಬರುವುದು ಸುಣ್ಣಕಲ್ಲಿನ ಪದರಗಳ ಅಂತರ್ಜಲದಿಂದ. ಅದರಲ್ಲಿ ಸಹಜವಾಗಿರುವ ಗಂಧಕದ ವಾಸನೆಗೆ ಹೊರಗಿನಿಂದ ಬಂದವರು ಮೂಗು ಮುರಿಯುತ್ತಾರೆ, ಅಲ್ಲಿನವರು ಅದನ್ನೇ ಕುಡಿದು ಬೆಳೆಯುತ್ತಾರೆ. ಇಂಡಿಯ ಗಡಸು ನೀರನ್ನು ಬೆಂಗಳೂರಿನ ಅಳಿಯನಿಗೆ ಕೊಟ್ಟರೂ ಇದೇ ಆಗುತ್ತದೆ.

ಹದಿನಾಲ್ಕರ ಹುಡುಗನ ವಿಷಯ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಅವನು ಲಿಂಬೆ ನೀರು ಕುಡಿದ, ಮಧ್ಯಾಹ್ನ ಊಟದ ಜೊತೆ ಮತ್ತೆ ಕೋಲಾ ಬೇಕೆಂದ. ಸಂಪೂರ್ಣ ಬೇಡವೆಂದರೆ ಆ ವಯಸ್ಸಿನವನು ನೀರನ್ನೂ ಬಿಡುತ್ತಾನೆ ಎಂದು ತಾಯಿ ಯೋಚಿಸಿ, ಅರ್ಧ ಬಾಟಲಿ ನೀರು ಮುಗಿಸಿದ ಮೇಲೆ ಒಂದು ಕೋಲಾ ಎಂಬ ಒಪ್ಪಂದಕ್ಕೆ ಬಂದರು. ಅವನು ಒಪ್ಪಿದ. ಅಂದು ವಾಂತಿಯಾಗಲಿಲ್ಲ, ತಲೆನೋವು ಬರಲಿಲ್ಲ. ಆದರೆ ಮೂತ್ರದ ಬಣ್ಣ ಉಳಿದವರಿಗಿಂತ ಗಾಢವಾಗಿಯೇ ಇತ್ತು, ಆದ್ದರಿಂದ ಘಟ್ಟ ಹತ್ತುವ ಮೊದಲು ಅವನಿಗೆ ಇನ್ನೊಂದು ಬಾಟಲಿ ಕುಡಿಸಿಯೇ ವಾಹನ ಹತ್ತಿಸಿದರು.